ಕರೆಂಟು ನಿಂತ ಮೇಲೆ

ಹೊಣಕೆರೆ ಸೀಮೆಯಲ್ಲಿ ಅದನ್ನು ಯಾರೂ ವಿಕಿರಣ ಚಿಕಿತ್ಸೆ ಎನ್ನುವುದಿಲ್ಲ. ‘ಕರೆಂಟ್ ಇಡೋದು’ ಎನ್ನುತ್ತಾರೆ. ‘ಆಪರೇಶನ್ ಆಯ್ತು, ಇಂಜೆಕ್ಷನ್ನೂ ಆಯ್ತು, ಇನ್ನು ಕರೆಂಟ್ ಇಡಿಸ್ಕಬೇಕಂತೆ’ ಎಂದು ಹೊಲದ ಬದುವಿನ ಮೇಲೆ ನಿಂತು ಒಬ್ಬರು ಹೇಳಿದರೆ ಇನ್ನೊಬ್ಬರಿಗೆ ಕಾಯಿಲೆ ಯಾವುದೆಂದು ಹೊಳೆದುಬಿಡುತ್ತದೆ. ಕ್ಯಾನ್ಸರ್ ಎಂಬ ಮಾತನ್ನು ಬಾಯಲ್ಲಿ ಆಡದೆಯೇ ಎಲ್ಲವನ್ನೂ ಹೇಳಿ ಮುಗಿಸುವ ಜಾಣ್ಮೆ ಅದರಲ್ಲಿದೆ. ಆದರೆ ಅದೇ ಮಾತಿನಲ್ಲಿ ಒಂದು ತಪ್ಪು ತಿಳಿವಳಿಕೆಯೂ ಅಡಗಿ ಕೂತಿದೆ. ಕರೆಂಟ್ ಎಂದರೇನೆಂದು ಪಂಪ್‌ಸೆಟ್ ಇಟ್ಟವರಿಗೆಲ್ಲ ಗೊತ್ತು. ತಂತಿ ತಗುಲಿದ ಕ್ಷಣಕ್ಕೆ ಹೊಡೆಯುತ್ತದೆ, ಸ್ವಿಚ್ ಆರಿಸಿದರೆ ಅಲ್ಲಿಗೆ ಮುಗಿಯಿತು. ಆಸ್ಪತ್ರೆಯ ಕರೆಂಟ್ ಹಾಗಲ್ಲ. ಇಡುವಾಗ ಇರುವೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ. ಸ್ವಿಚ್ ಆರಿಸಿ, ಚೀಟಿ ಕೊಟ್ಟು, ಊರಿಗೆ ಕಳಿಸಿದ ಮೇಲೆ ಅದು ನಿಜವಾಗಿ ಸುಡುತ್ತದೆ.

ಆಕೆಗೆ ಆಗ ಐವತ್ತನಾಲ್ಕು ವರ್ಷ. ನಾಗಮಂಗಲ ತಾಲೂಕಿನ ಹೊಣಕೆರೆ ಹೋಬಳಿಯ ಒಂದು ಸಣ್ಣ ಹಳ್ಳಿ. ಮಳೆ ನಂಬಿದ ಎರಡು ಎಕರೆಯಲ್ಲಿ ರಾಗಿ, ಹುರುಳಿ, ಹಿತ್ತಲಲ್ಲಿ ಹತ್ತು ಹದಿನೈದು ತೆಂಗು, ಡೇರಿಗೆ ಹಾಲು ಹಾಕಲು ಎರಡು ಹಸು. ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಂಟೆಂದು ಮೊದಲು ಅಂದುಕೊಂಡದ್ದು ನಿಂಬೆಕಾಯಿಯಷ್ಟಾಗುವವರೆಗೂ ಯಾರಿಗೂ ಹೇಳಿರಲಿಲ್ಲ. 2023ರ ಶ್ರಾವಣ ಕಳೆದ ಮೇಲೆ ಎದೆಯನ್ನೇ ತೆಗೆದರು. ಆಮೇಲೆ ತಿಂಗಳುಗಟ್ಟಲೆ ಇಂಜೆಕ್ಷನ್ನು. ತಲೆಗೂದಲು ಹೋಯಿತು, ಬಾಯಿರುಚಿ ಹೋಯಿತು. ಅದನ್ನೆಲ್ಲ ಆಕೆ ಸಹಿಸಿಕೊಂಡದ್ದು ಹೆಂಗಸರು ಬೇಸಾಯದ ಕೆಲಸ ಸಹಿಸಿಕೊಳ್ಳುವ ರೀತಿಯಲ್ಲಿ, ಮುಗಿಯಲೇಬೇಕಲ್ಲ ಎಂಬ ಲೆಕ್ಕದಲ್ಲಿ. ಉಳಿದದ್ದು ಕರೆಂಟ್ ಒಂದೇ. ಎಲ್ಲಕ್ಕಿಂತ ಹಗುರ ಅದು ಎಂದು ಎಲ್ಲರೂ ಹೇಳಿದ್ದರು.

ಮೈಸೂರಿಗೂ ಹೋಗಬಹುದಿತ್ತು. ಆದರೆ ತಮ್ಮನ ಮನೆ ಇದ್ದದ್ದು ಬೆಂಗಳೂರಿನಲ್ಲಿ. ದಿನಕ್ಕೆ ಹತ್ತು ನಿಮಿಷದ ಚಿಕಿತ್ಸೆಗೆ ಮೂರು ವಾರ ಊರು ಬಿಟ್ಟಿರಬೇಕೆಂದರೆ ನೆಂಟರ ಮನೆಯೇ ಗತಿ. ಹಿಂದೆ ಇದೂ ಐದು ವಾರದ ಮಾತಾಗಿತ್ತು. ದಿನಕ್ಕೆ ಸ್ವಲ್ಪ ಸ್ವಲ್ಪದಂತೆ 25 ಸಲ, ಒಟ್ಟು 50 ಗ್ರೇ ಎಂಬುದು ಬಹುಕಾಲದ ಲೆಕ್ಕ. ಬ್ರಿಟನ್ನಿನಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2008ರಲ್ಲಿ ಬಂತು. 15 ಸಲದಲ್ಲಿ 40 ಗ್ರೇ ಕೊಟ್ಟರೂ ಕಾಯಿಲೆ ಹತೋಟಿಗೆ ಬರುವುದರಲ್ಲಿ ಕಡಿಮೆಯಿಲ್ಲ, ಚರ್ಮದ ತೊಂದರೆ ಮಾತ್ರ ಕಡಿಮೆಯೇ ಎಂದು ಅವುಗಳಲ್ಲೊಂದರಿಂದ ಗೊತ್ತಾಯಿತು. ಹಸು ಕಟ್ಟಿದ ಮನೆಯವರಿಗೆ ಎರಡು ವಾರ ಉಳಿಯುವುದು ಸಣ್ಣ ಮಾತಲ್ಲ.

2024ರ ಮಾರ್ಚ್ 4, ಸೋಮವಾರ ಶುರುವಾಯಿತು. ಮೇಜಿನ ಮೇಲೆ ಮಲಗಿಸಿ, ಎಡಗೈಯನ್ನು ತಲೆಯ ಮೇಲಕ್ಕೆತ್ತಿಸಿ, ಎದೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದಿದ್ದರು. ‘ಈ ಗೆರೆ ಅಳಿಸಬಾರದಮ್ಮ’ ಎಂದರು ಹುಡುಗರು. ಆಕೆ ಕೇಳಿಸಿಕೊಂಡದ್ದು ‘ನೀರು ಹಾಕಬಾರದು’ ಎಂದು. ಆ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಎಂಥ ಬರ ಬಂದಿತ್ತೆಂಬುದು ಅಲ್ಲಿದ್ದವರಿಗೆ ನೆನಪಿದೆ. ತಮ್ಮನ ಮನೆಯ ಬೋರು ಬತ್ತಿ ಟ್ಯಾಂಕರಿನ ನೀರಿಗೆ ಕಾಯುತ್ತಿದ್ದರು. ನೆಂಟರ ಮನೆಯಲ್ಲಿ ಕೂತು, ದುಡ್ಡು ಕೊಟ್ಟು ತರಿಸಿದ ನೀರನ್ನು ಮೈಮೇಲೆ ಸುರಿದುಕೊಳ್ಳಲು ಆಕೆಗೆ ಮೊದಲೇ ಸಂಕೋಚ. ಈಗ ಡಾಕ್ಟರೇ ಬೇಡವೆಂದ ಮೇಲೆ ಇನ್ನೇನು. ಎಂಟು ದಿನ ಎಡ ಎದೆಗೂ ಕಂಕುಳಿಗೂ ತೊಟ್ಟು ನೀರು ಸೋಕಿಸಲಿಲ್ಲ. ಬೆವರು ಅಲ್ಲೇ ಒಣಗಿ, ಬೆವರುಸಾಲೆ ಎದ್ದು, ನವೆ ಶುರುವಾಯಿತು. ತಮ್ಮನ ಹೆಂಡತಿ ಕಡೆಗೂ ಬಾಯಿಬಿಟ್ಟು ಕೇಳಿದಳು: ‘ಅಕ್ಕಾ, ಸ್ನಾನ ಯಾಕೆ ಮಾಡ್ತಿಲ್ಲ ನೀವು?’

ಮಾರನೆಯ ದಿನ ಆಸ್ಪತ್ರೆಯ ನರ್ಸಮ್ಮ ತಲೆ ಚಚ್ಚಿಕೊಂಡರು. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಉಜ್ಜದೆ ತೊಳೆದು ಮೆತ್ತನೆ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿಕೊಳ್ಳುವುದು, ಇಷ್ಟೇ. ಗೆರೆ ಮಾಸಿದರೆ ಮತ್ತೆ ಎಳೆಯುವುದು ಅವರ ಕೆಲಸ. ಆದರೆ ಆಕೆಯ ತಪ್ಪು ಆಕೆಯದೊಂದೇ ಆಗಿರಲಿಲ್ಲ. ಕರೆಂಟ್ ಇಟ್ಟ ಜಾಗಕ್ಕೆ ನೀರು ಸೋಕಿಸಬಾರದೆಂದು ಒಂದು ಕಾಲದಲ್ಲಿ ಆಸ್ಪತ್ರೆಗಳೇ ಹೇಳುತ್ತಿದ್ದವು. 1992ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸ್ತನದ ಚಿಕಿತ್ಸೆ ಪಡೆಯುತ್ತಿದ್ದ ಹೆಂಗಸರನ್ನೇ ತೆಗೆದುಕೊಂಡು, ತೊಳೆದುಕೊಂಡವರನ್ನೂ ತೊಳೆಯದವರನ್ನೂ ಹೋಲಿಸಿ ನೋಡಿತು. 2001ರಲ್ಲಿ ಇನ್ನೊಂದು ಅದೇ ಕೆಲಸ ಮಾಡಿತು. ತೊಳೆದದ್ದರಿಂದ ಯಾರಿಗೂ ಕೆಡುಕಾಗಲಿಲ್ಲ, ತೊಳೆದವರೇ ಹೆಚ್ಚು ನೆಮ್ಮದಿಯಾಗಿದ್ದರು. ಹಳೆಯ ಮಾತು ಆಸ್ಪತ್ರೆಯಿಂದ ಹೊರಟುಹೋದರೂ ಊರಿನಿಂದ ಹೊರಡಲು ತಡವಾಗುತ್ತದೆ.

ಇನ್ನೊಂದು ಸಂಗತಿ ಮಾಂಗಲ್ಯದ ಸರದ್ದು. ಯಂತ್ರದ ಕೋಣೆಗೆ ಹೋಗುವ ಮೊದಲು ಕೊರಳಲ್ಲಿದ್ದುದನ್ನು ತೆಗೆದಿಡಬೇಕು. ಮೊದಲ ದಿನ ಆಕೆ ಅತ್ತದ್ದು ಅದೊಂದಕ್ಕೇ. ಎದೆ ಹೋದಾಗಲೂ ಅಷ್ಟು ಅತ್ತಿರಲಿಲ್ಲ ಎಂದು ತಮ್ಮನ ಹೆಂಡತಿ ಆಮೇಲೆ ಹೇಳಿದಳು. ಬೆಳಿಗ್ಗೆ ತೆಗೆಯುವುದು, ಸಂಜೆ ಹಾಕಿಕೊಳ್ಳುವುದು ಹೀಗೆ ವಾರ ಕಳೆಯುವಷ್ಟರಲ್ಲಿ ಕರಿಮಣಿ ಸೋಕಿದಲ್ಲೆಲ್ಲ ಉರಿ ಎದ್ದಿತು. ಗಂಡನೇ ಫೋನಿನಲ್ಲಿ ‘ಅದ ತಗ್ದು ಇಕ್ಕು, ನಾನಿನ್ನೂ ಗಟ್ಟಿ ಇವ್ನಿ’ ಎಂದಾಗ ಅರಿಶಿನದ ದಾರವೊಂದನ್ನು ಬಲಗೈಗೆ ಕಟ್ಟಿಕೊಂಡು ಸರವನ್ನು ಕುಂಕುಮದ ಭರಣಿಯಲ್ಲಿ ಹಾಕಿಟ್ಟಳು.

ಶಿವರಾತ್ರಿಯ ದಿನ ಯಂತ್ರಕ್ಕೆ ರಜೆ. ಹಾಗಾಗಿ ಹದಿನೈದನೆಯದು ಮುಗಿದಾಗ ಮಾರ್ಚ್ 25. ಅಷ್ಟು ಹೊತ್ತಿಗೆ ಎದೆಯ ಎಡಭಾಗ ಕಪ್ಪಿಟ್ಟಿತ್ತು, ಹೆಂಚಿನ ಮೇಲೆ ಒಂದು ಗಳಿಗೆ ಹೆಚ್ಚಾಗಿ ಬಿಟ್ಟ ರಾಗಿರೊಟ್ಟಿಯ ಬಣ್ಣಕ್ಕೆ. ಪುಸ್ತಕಗಳಲ್ಲಿ ಇದನ್ನು ‘ಕೆಂಪಾಗುವುದು’ ಎಂದು ಬರೆದಿರುತ್ತಾರೆ. ಎಷ್ಟು ಕೆಂಪು ಎಂಬುದರ ಮೇಲೇ ಸುಟ್ಟದ್ದರ ದರ್ಜೆ ನಿರ್ಧಾರವಾಗುತ್ತದೆ. ಬಿಳಿಯ ಚರ್ಮ ನೋಡಿ ಬರೆದ ಮಾತು ಅದು. ನಮ್ಮ ಕಡೆಯ ಕಂದು ಮೈಯಲ್ಲಿ ಕೆಂಪು ಕಾಣುವುದೇ ಇಲ್ಲ, ಕಪ್ಪು ಕಾಣುತ್ತದೆ. ಕಪ್ಪಾದರೆ ‘ಬಿಸಿಲಿಗೆ ಬಾಡಿದೆ’ ಎಂದುಕೊಳ್ಳುವುದು ಸುಲಭ. ಆಕೆಯೂ ಹಾಗೇ ಅಂದುಕೊಂಡಳು. ಉರಿ ಅಷ್ಟೇನಿರಲಿಲ್ಲ. ಮಾರನೆಯ ದಿನ ಸರ್ಕಾರಿ ಬಸ್ಸಿನಲ್ಲಿ, ಹೆಂಗಸರಿಗೆ ಕೊಡುವ ಬಿಟ್ಟಿ ಟಿಕೆಟ್ಟಿನಲ್ಲಿ, ಕಿಟಕಿಯ ಬಿಸಿಲು ಎಡಕ್ಕೆ ಬೀಳದ ಸೀಟು ಹಿಡಿದು ಬೆಳ್ಳೂರು ಕ್ರಾಸ್ ದಾಟಿ ಊರು ಸೇರಿದಳು. ‘ಗೆದ್ದೆ ಕನವ್ವ’ ಎಂದು ಸೊಸೆಗೆ ಹೇಳಿದಳಂತೆ.

ಹೊರಡುವಾಗ ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿದ್ದರು. ಕನ್ನಡದ್ದೇ, ಅಚ್ಚುಕಟ್ಟಾಗಿಯೇ ಇತ್ತು. ‘ಚಿಕಿತ್ಸೆಯ ಅವಧಿಯಲ್ಲಿ ಪಾಲಿಸಬೇಕಾದ ಕ್ರಮಗಳು’ ಎಂದು ತಲೆಬರಹ. ಬಿಸಿನೀರು ಬೇಡ, ಎಣ್ಣೆ ಬೇಡ, ಪೌಡರ್ ಬೇಡ, ಬಿಗಿಯಾದ ಬಟ್ಟೆ ಬೇಡ. ಮೊಮ್ಮಗ ಅದನ್ನು ಓದಿ ಹೇಳಿದ. ಅವಧಿ ಮುಗಿದಿತ್ತಲ್ಲ! ಪಥ್ಯವೂ ಮುಗಿಯಿತೆಂದು ಮನೆಯವರೆಲ್ಲ ತಿಳಿದರು. ಅವರನ್ನು ಹೇಗೆ ದೂರುವುದು? ಜ್ವರದ ಮಾತ್ರೆ ಮುಗಿದರೆ ಗಂಜಿಯೂ ಮುಗಿಯುತ್ತದೆ, ಬಾಣಂತನ ಮುಗಿದರೆ ಕಾಪು ಮುಗಿಯುತ್ತದೆ. ಮುಗಿದ ಮೇಲೆ ಶುರುವಾಗುವ ಪಥ್ಯವೊಂದು ಇರಬಹುದೆಂದು ಯಾರಿಗೆ ಹೊಳೆದೀತು.

ಏಪ್ರಿಲ್ 9 ಯುಗಾದಿ. ಕೊನೆಯ ಕರೆಂಟ್ ಇಟ್ಟು ಸರಿಯಾಗಿ ಹದಿನೈದು ದಿನ. ಹಬ್ಬಕ್ಕೆ ಮೂರು ನಾಲ್ಕು ದಿನ ಇರುವಾಗಲೇ ಉರಿ ಏರತೊಡಗಿತ್ತು, ಕಂಕುಳಲ್ಲಿ ಚರ್ಮ ಹೊಟ್ಟಿನಂತೆ ಎದ್ದಿತ್ತು. ವರ್ಷದ ಮೊದಲ ದಿನ ಎಣ್ಣೆನೀರು ಬಿಡುವುದುಂಟೇ? ನೆತ್ತಿಗೆ ಹರಳೆಣ್ಣೆ ಒತ್ತಿ, ಮೈಗೂ ಸವರಿ, ಹಂಡೆಯ ನೀರು ಹದವಾಗಿ ಕಾಯಿಸಿ, ಸೀಗೆಪುಡಿ ಹಾಕಿ ಜಿಡ್ಡು ತೆಗೆದರು. ಹಬ್ಬದ ನೀರಿನ ಹದವೆಂದರೆ ಮೈ ಚುರ್ ಎನ್ನಬೇಕು. ಬಚ್ಚಲಿನಿಂದ ಬಂದ ಮೇಲೆ ಹೊಸ ಸೀರೆ, ಅದಕ್ಕೊಪ್ಪುವ ಪಾಲಿಯೆಸ್ಟರ್ ರವಿಕೆ. ಎಡಗಡೆ ಚಪ್ಪಟೆ ಕಾಣಬಾರದೆಂದು ಆಪರೇಶನ್ ಆದಂದಿನಿಂದ ಆಕೆ ಗಂಡನ ಹಳೆ ಪಂಚೆಯ ತುಂಡನ್ನು ಉಂಡೆ ಮಾಡಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಅಂದೂ ಇಟ್ಟುಕೊಂಡಳು. ಬೇವು ಬೆಲ್ಲ ಹಂಚಿದಳು. ಹೋಳಿಗೆ ಒಲೆಯ ಮುಂದೆ ಎರಡು ಗಂಟೆ ಕೂತಳು.

ಸಂಜೆ ರವಿಕೆ ಬಿಚ್ಚುವಾಗ ಕಂಕುಳ ಮಡಿಕೆಯ ಚರ್ಮ ನೆನೆಹಾಕಿ ಹಿಸುಕಿದ ಅವರೆಕಾಳಿನ ಸಿಪ್ಪೆಯ ಹಾಗೆ ಜಾರಿ ಬಟ್ಟೆಗೇ ಅಂಟಿಕೊಂಡು ಬಂತು. ಒಳಗೆ ಹಸಿ ಮಾಂಸದ ಬಣ್ಣ. ಹೊಲಿಗೆಯ ಗೆರೆಯ ಪಕ್ಕದಲ್ಲೂ ಎರಡು ಕಡೆ ನೀರು ಒಸರುತ್ತಿತ್ತು. ಹೊಸಚಂದ್ರನನ್ನು ನೋಡಲೂ ಆಕೆ ಹೊರಗೆ ಬರಲಿಲ್ಲ.

ಇದು ಯುಗಾದಿಯ ನೀರಿನಿಂದಲೇ ಆದದ್ದಲ್ಲ. ನೀರೂ ಎಣ್ಣೆಯೂ ಉಂಡೆಬಟ್ಟೆಯೂ ಸೇರಿ ಆಗುವುದನ್ನು ಹೆಚ್ಚು ಮಾಡಿದವು, ಅಷ್ಟೆ. ಸ್ತನದ ಕ್ಯಾನ್ಸರಿಗೆ ಕರೆಂಟ್ ಇಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಜನರಿಗೆ ಚರ್ಮ ಸ್ವಲ್ಪವಾದರೂ ಬಾಡುತ್ತದೆ. ನೀರೊಸರುವ ಮಟ್ಟಕ್ಕೆ ಹೋಗುವುದು ಕೆಲವರಿಗೆ ಮಾತ್ರ, ಅದೂ ಕಂಕುಳಿನಂಥ ಮಡಿಕೆಯ ಜಾಗಗಳಲ್ಲಿ ಹೆಚ್ಚು. ಚರ್ಮದ ಮೇಲುಪದರ ಸತ್ತ ಜೀವಕೋಶಗಳ ಹೊದಿಕೆ. ಅದು ದಿನಾ ಸವೆಯುತ್ತದೆ, ಅಡಿಯಿಂದ ಹೊಸದು ಹುಟ್ಟಿ ಮೇಲೆ ಬರುತ್ತದೆ. ಹುಟ್ಟಿ ಮೇಲಕ್ಕೆ ಬರಲು ಸುಮಾರು ನಾಲ್ಕು ವಾರ ಬೇಕು. ಕಿರಣ ಹೊಡೆಯುವುದು ಮೇಲಿನ ಹೊದಿಕೆಗಲ್ಲ, ಅಡಿಯಲ್ಲಿ ಹುಟ್ಟುತ್ತಿರುವ ಕೋಶಗಳಿಗೆ. ರಾಗಿ ಒಟ್ಟಲು ಹಾಕಿದ ಮನೆಯವರಿಗೆ ಇದನ್ನು ಹೇಳುವುದು ಸುಲಭ. ಒಟ್ಟಲಿಗೆ ರೋಗ ಬಿದ್ದರೆ ಹೊಲದಲ್ಲಿ ನಿಂತ ಪೈರಿಗೆ ಅಂದು ಏನೂ ಆಗುವುದಿಲ್ಲ. ಮುಂದಿನ ನಾಟಿಗೆ ಪೈರು ಬೇಕೆಂದು ಹೋದಾಗ ಮಡಿ ಖಾಲಿ. ಮೇಲಿನ ಚರ್ಮ ಸವೆದು ಹೋಗುತ್ತದೆ, ಬದಲಿಗೆ ಬರಬೇಕಾದದ್ದು ಬರುವುದಿಲ್ಲ. ಆದ್ದರಿಂದಲೇ ಗಾಯ ಎರಡು ಮೂರು ವಾರಕ್ಕೆ ಕಾಣಿಸಿಕೊಂಡು, ಚಿಕಿತ್ಸೆ ಮುಗಿದು ಒಂದೆರಡು ವಾರ ಕಳೆದಾಗ ತುದಿ ಮುಟ್ಟುತ್ತದೆ.

ಈ ತಡವಾಗಿ ಸುಡುವ ಗುಣ ವಿಜ್ಞಾನಿಗಳ ಮೈಮೇಲೇ ಮೊದಲು ಬರೆದುಕೊಂಡದ್ದು. 1901ರಲ್ಲಿ ಹೆನ್ರಿ ಬೆಕರೆಲ್ ರೇಡಿಯಂ ಇದ್ದ ಸಣ್ಣ ಗಾಜಿನ ಕೊಳವೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಆಗ ಏನೂ ಆಗಲಿಲ್ಲ. ದಿನಗಳು ಕಳೆದ ಮೇಲೆ ಜೇಬಿಗೆ ಸರಿಯಾಗಿ ಮೈಮೇಲೆ ಸುಟ್ಟ ಗಾಯ ಎದ್ದಿತು. ಪಿಯರಿ ಕ್ಯೂರಿ ಬೇಕೆಂದೇ ತಮ್ಮ ತೋಳಿಗೆ ರೇಡಿಯಂ ಕಟ್ಟಿಕೊಂಡು ಗಾಯ ಹೇಗೆ ಬಂದು ಹೇಗೆ ಮಾಯುತ್ತದೆಂದು ದಿನದಿನವೂ ಗುರುತು ಹಾಕಿಕೊಂಡರು. ಜೀವಂತ ಮಾಂಸವನ್ನು ಸುಡಬಲ್ಲದ್ದು ಕೆಟ್ಟ ಮಾಂಸವನ್ನೂ ಸುಡಬಹುದು ಎಂಬ ಯೋಚನೆಗೆ ಅಂಥ ಗಾಯಗಳು ಬಲ ಕೊಟ್ಟವು. ಅಂದರೆ ಚಿಕಿತ್ಸೆಗಿಂತ ಸುಟ್ಟಗಾಯ ಚಿಕ್ಕದಲ್ಲ, ಅದರ ಜೊತೆಹುಟ್ಟು.

ಊರಿಗೆ ಈ ಕತೆ ಬೇಕಿರಲಿಲ್ಲ. ಯುಗಾದಿಯ ಮಾರನೆಯ ದಿನವೇ ಮನೆಗೆ ಹೆಂಗಸರು ಬರತೊಡಗಿದರು. ಒಬ್ಬಾಕೆ ಅರಿಶಿನ ಬೆಣ್ಣೆ ಕಲಸಿ ಹಚ್ಚು ಎಂದಳು. ಇನ್ನೊಬ್ಬಾಕೆ ಹಿತ್ತಲ ಲೋಳೆಸರ ಕಿತ್ತೇ ತಂದಳು. ಟೂತ್‌ಪೇಸ್ಟ್ ಹೇಳಿದವರೂ ಉಂಟು. ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ ಎಲ್ಲ. ಆದರೆ ಬಾಗಿಲ ಹೊರಗೆ ಹೋದಮೇಲೆ ಆಡಿದ ಮಾತು ಬೇರೆ: ‘ಕರೆಂಟ್ ಜಾಸ್ತಿ ಕೊಟ್ಟವ್ರೆ ಕನಕ್ಕ. ಬಡವ್ರು ಅಂದ್ರೆ ಹಂಗೆ.’ ಈ ಮಾತು ಗಂಡನ ಕಿವಿಗೆ ಬಿತ್ತು. ಸಾಮಾನ್ಯವಾಗಿ ಬಾಯಿಬಿಡದ ಮನುಷ್ಯ ಅಂದು ಜಗುಲಿಯ ಮೇಲೆ ನಿಂತು ಕೂಗಾಡಿದ. ‘ನಾಳೆ ಮೊದ್ಲ ಬಸ್ಸಿಗೆ ಹೊಯ್ತೀನಿ. ಸುಟ್ಟವ್ರು ಯಾರು ಅಂತ ಕೇಳ್ದೆ ಬಿಡಾಕಿಲ್ಲ.’ ಆಕೆ ಒಳಕೋಣೆಯಲ್ಲಿ ಎಡಗೈಯನ್ನು ಮೈಯಿಂದ ದೂರ ಹಿಡಿದು ಗೋಡೆಗೆ ಒರಗಿ ಕೂತಿದ್ದಳು. ಇನ್ನು ಮುಂದೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ, ಅವರು ಕೊಟ್ಟ ಮಾತ್ರೆಯನ್ನೂ ನುಂಗುವುದಿಲ್ಲ ಎಂದು ತೀರ್ಮಾನ ಮಾಡಿದ್ದಳು. ಐದು ವರ್ಷ ದಿನಾ ತಪ್ಪದೆ ನುಂಗಬೇಕಾದ ಮಾತ್ರೆ ಅದು, ಕಾಯಿಲೆ ಮರುಕಳಿಸದಿರಲೆಂದು ಕೊಟ್ಟದ್ದು. ಕಂಕುಳಿನ ಗಾಯ ಮೂರು ವಾರಕ್ಕೆ ಹೇಗೂ ಮಾಯುತ್ತದೆ. ಅದರ ಸಿಟ್ಟಿಗೆ ಮಾತ್ರೆ ಬಿಟ್ಟಿದ್ದರೆ ಹೋಗುತ್ತಿದ್ದುದು ಜೀವ.

ಸೊಸೆ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿ. ಆದರೆ ನರ್ಸಮ್ಮನ ನಂಬರನ್ನು ಆಕೆ ಅತ್ತೆಯ ಚೀಟಿಯ ಹಿಂದೆ ಬರೆಸಿಕೊಂಡಿದ್ದಳು. ಫೋನ್ ಮಾಡಿದಾಗ ನರ್ಸಮ್ಮ, ‘ಒಂದು ಫೋಟೋ ಕಳ್ಸಮ್ಮ, ನೋಡದೆ ಹೇಗೆ ಹೇಳೋದು’ ಎಂದರು. ಮನೆಯಲ್ಲಿದ್ದ ಒಳ್ಳೆಯ ಫೋನ್ ಮೊಮ್ಮಗನದು. ಎದೆ ಇದ್ದಾಗ ಗಂಡನೂ ಬೆಳಕಿನಲ್ಲಿ ಕಾಣದ ಜಾಗವನ್ನು ಎದೆ ಹೋದಮೇಲೆ ಫೋನಿನಲ್ಲಿ ಹಿಡಿಯಬೇಕು. ‘ಬ್ಯಾಡ ಕನವ್ವ, ಸತ್ರೂ ಚಿಂತಿಲ್ಲ’ ಎಂದಳು ಆಕೆ. ಸೊಸೆ ಬಾಗಿಲು ಹಾಕಿ, ಅಗುಳಿ ಇಳಿಸಿ, ಹುಡುಗನನ್ನು ಡೇರಿಗೆ ಅಟ್ಟಿದಳು. ‘ಅತ್ತೆ, ಮಕ ಬರಾಕಿಲ್ಲ. ಬರೀ ಗಾಯ. ಕಳ್ಸಿದ್ ತಕ್ಷಣ ಅಳಿಸ್ತೀನಿ, ನಿಮ್ ಮುಂದೇ ಅಳಿಸ್ತೀನಿ.’ ಹಾಗೇ ಮಾಡಿದಳು. ಸುಟ್ಟಗಾಯದ ಕಷ್ಟದಲ್ಲಿ ಅರ್ಧ ಭಾಗ ಇದೇ. ಕೈ ಸುಟ್ಟರೆ ಊರೆಲ್ಲ ನೋಡಿ ಅಯ್ಯೋ ಎನ್ನುತ್ತದೆ. ಈ ಗಾಯವನ್ನು ತೋರಿಸುವ ಹಾಗಿಲ್ಲ, ತೋರಿಸದೆ ವಾಸಿ ಮಾಡಿಕೊಳ್ಳುವ ಹಾಗೂ ಇಲ್ಲ.

ಕಾಲು ಗಂಟೆಯಲ್ಲಿ ಉತ್ತರ ಬಂತು. ಹೆದರಬೇಕಾದ್ದಿಲ್ಲ, ಇದು ಆಗಬಹುದಾದದ್ದೇ, ಇನ್ನು ಒಂದು ವಾರ ಹೀಗೆ ಇದ್ದು ಇಳಿಮುಖವಾಗುತ್ತದೆ. ಕೀವು, ನಾತ, ಜ್ವರ, ಸುತ್ತ ಬಿಸಿಯಾಗಿ ಊದಿಕೊಳ್ಳುವುದು, ಇದರಲ್ಲಿ ಯಾವುದು ಕಂಡರೂ ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು. ಗಂಡನಿಗೆ ಫೋನ್ ಕೊಡಿಸಿ ಅವರು ಇನ್ನೊಂದು ಮಾತು ಹೇಳಿದರು. ಅದು ಮನೆಯವರಿಗೆ ಸಿಡಿಲಿನ ಹಾಗೆ ಬಡಿಯಿತು. ಕರೆಂಟ್ ಇಡುವಾಗ ಆಕೆಯ ಎದೆಯ ಮೇಲೆ ತೆಳ್ಳನೆಯ ಜೆಲ್ಲಿಯಂಥ ಹಾಳೆಯೊಂದನ್ನು ಹಾಸುತ್ತಿದ್ದರು. ಸುಡದಿರಲಿ ಎಂದು ಹಾಸುವ ಗುರಾಣಿ ಅದು ಎಂದು ಆಕೆ ತಿಳಿದಿದ್ದಳು. ನಿಜ ಅದರ ತಿರುಗುಮುರುಗು. ಈಗಿನ ಯಂತ್ರದ ಕಿರಣ ಚರ್ಮವನ್ನು ದಾಟಿ ಒಂದೂವರೆ ಸೆಂಟಿಮೀಟರ್ ಒಳಗೆ ಹೋದಮೇಲೆ ಪೂರ್ತಿ ಬಲ ಪಡೆಯುತ್ತದೆ. ಬೇರೆ ಕಡೆ ಇದು ಅನುಕೂಲ, ಚರ್ಮ ಉಳಿಯುತ್ತದೆ. ಆದರೆ ಎದೆ ತೆಗೆದವರಲ್ಲಿ ಕಾಯಿಲೆಯ ಬೀಜ ಉಳಿದಿದ್ದರೆ ಆ ಚರ್ಮದಲ್ಲೇ, ಹೊಲಿಗೆಯ ಗೆರೆಯಲ್ಲೇ ಉಳಿದಿರಬಹುದು. ಆದ್ದರಿಂದ ಮೇಲೊಂದು ಹಾಳೆ ಹಾಸಿ, ಕಿರಣದ ಬಲ ಚರ್ಮಕ್ಕೇ ತಾಗುವಂತೆ ಬೇಕೆಂದೇ ಮಾಡುತ್ತಾರೆ. ಎಲ್ಲರಿಗೂ ಹಾಸುವುದಿಲ್ಲ, ಡಾಕ್ಟರು ನೋಡಿ ತೀರ್ಮಾನಿಸುತ್ತಾರೆ. ಸುಟ್ಟವರು ಯಾರು ಎಂದು ಕೇಳಲು ಹೊರಟಿದ್ದ ಗಂಡ ಫೋನ್ ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದ. ‘ಮೊದ್ಲೇ ಯೋಳಿದ್ರೆ ಆಗ್ತಿತ್ತಲ್ಲ’ ಎಂದಷ್ಟೇ ಕಡೆಗೆ ಹೇಳಿದ್ದು. ಅವನ ಮಾತಿನಲ್ಲಿ ತಪ್ಪಿಲ್ಲ. ಹೇಳಿಯೂ ಇರಬಹುದು. ಹೇಳುವ ಹೊತ್ತಿನಲ್ಲಿ ಕೇಳುವವರ ಕಿವಿ ಕಾಯಿಲೆಯ ಕಡೆಗಿರುತ್ತದೆ, ಚರ್ಮದ ಕಡೆಗಲ್ಲ.

ಆಮೇಲಿನ ಹದಿನೈದು ದಿನ ನಡೆದದ್ದು ಸೊಸೆಯ ಆಳ್ವಿಕೆ. ಅರಿಶಿನ ಬೆಣ್ಣೆಯ ಬಟ್ಟಲು ಹಿತ್ತಲಿಗೆ ಹೋಯಿತು. ಅರಿಶಿನವನ್ನು ಹೀಗೆ ಹಳಿಯುವುದೂ ಪೂರ್ತಿ ನ್ಯಾಯವಲ್ಲ. ಮಂಗಳೂರಿನ ವೈದ್ಯರು ಗಂಧದೆಣ್ಣೆ ಮತ್ತು ಅರಿಶಿನದ ಕ್ರೀಮೊಂದನ್ನು ಸ್ತನದ ಕ್ಯಾನ್ಸರಿನ ಹೆಂಗಸರ ಮೇಲೆ ಪರೀಕ್ಷಿಸಿ 2017ರಲ್ಲಿ ಬರೆದಿದ್ದಾರೆ. ಹಚ್ಚಿಕೊಂಡವರಲ್ಲಿ ಚರ್ಮ ಬಾಡುವುದು ಕಡಿಮೆಯಾಗಿತ್ತು. ಆದರೆ ಅದು ಚಿಕ್ಕ ಪ್ರಯೋಗ. ಅವರು ಹಚ್ಚಿದ್ದು ಶುದ್ಧವಾಗಿ ತಯಾರಾದ ಕ್ರೀಮು, ಅದೂ ಗಾಯ ಒಡೆಯುವ ಮೊದಲು, ಚಿಕಿತ್ಸೆಯ ಮೊದಲ ದಿನದಿಂದ. ಒಡೆದ ಹಸಿ ಗಾಯಕ್ಕೆ ಡಬ್ಬಿಯ ಅಡುಗೆ ಅರಿಶಿನ ಮೆತ್ತುವುದು ಬೇರೆಯೇ ಸಂಗತಿ. ಲೋಳೆಸರದ ಹೆಸರು ದೊಡ್ಡದು, ಫಲ ಅಷ್ಟಿಲ್ಲ. 2002ರಲ್ಲಿ ಆಸ್ಟ್ರೇಲಿಯದಲ್ಲಿ ಅದನ್ನು ಸಾಧಾರಣ ಮುಲಾಮಿನ ಜೊತೆ ಹೋಲಿಸಿ ನೋಡಿದಾಗ ಸಾಧಾರಣ ಮುಲಾಮೇ ಮೇಲಾಯಿತು. ಶುರುವಿನಿಂದಲೇ ತೆಳ್ಳಗೆ ಸ್ಟೀರಾಯ್ಡ್ ಮುಲಾಮು ಸವರಿದರೆ ಉರಿ ಕಡಿಮೆ ಎಂಬುದಕ್ಕೆ ಈಗ ಒಳ್ಳೆಯ ಆಧಾರವಿದೆ. ಅದನ್ನು ಡಾಕ್ಟರು ಬರೆದುಕೊಡಬೇಕು, ಅಂಗಡಿಯಲ್ಲಿ ಕೇಳಿ ತರುವುದಲ್ಲ. ಆಕೆಗಂತೂ ಆ ಹಂತ ದಾಟಿಹೋಗಿತ್ತು.

ಬೆಳಿಗ್ಗೆ ಸಂಜೆ ಮೆಡಿಕಲ್ ಸ್ಟೋರಿನ ಸಲೈನ್ ಬಾಟಲಿಯ ನೀರನ್ನು ಶುದ್ಧ ಬಟ್ಟೆಗೆ ಅದ್ದಿ ಗಾಯದ ಮೇಲೆ ಹತ್ತು ನಿಮಿಷ ಇಡುವುದು. ಅಂಟದಿರುವ ಮೇಣದ ಬಟ್ಟೆಯ ತುಂಡು ಅದರ ಮೇಲೆ. ಅದನ್ನು ಹಿಡಿದಿಡಲು ಪ್ಲಾಸ್ಟರ್ ಹಾಕಲೇಕೂಡದು, ಕೀಳುವಾಗ ಇರುವ ಚರ್ಮವನ್ನೂ ಕಿತ್ತುಕೊಂಡು ಬರುತ್ತದೆ. ಸೊಸೆ ಗಂಡಸರ ಹಳೆಯ ಹತ್ತಿ ಬನಿಯನ್ನುಗಳನ್ನು ಕುದಿಸಿ ಒಗೆದು ಒಣಗಿಸಿದಳು. ಮಾವನದೇ ಬನಿಯನ್ನು, ಎರಡು ಸೈಜು ದೊಡ್ಡದು, ಎಡಗಡೆ ಹೊಲಿಗೆ ಬಿಚ್ಚಿದ್ದು. ಅದರ ಮೇಲೆ ಹತ್ತಿ ಸೀರೆಯ ಸೆರಗು ಹೊದ್ದರೆ ಆಯಿತು. ಕೂತಾಗ ಎಡಗೈ ಸೊಂಟದ ಮೇಲೆ, ಕಂಕುಳಿಗೆ ಗಾಳಿಯಾಡಲಿ ಎಂದು. ಮಲಗಿದಾಗ ತೋಳಿಗೂ ಮೈಗೂ ನಡುವೆ ಸಣ್ಣ ದಿಂಬು. ಅಡುಗೆ ಗ್ಯಾಸಿಗೆ ಬಂತು, ಸೌದೆ ಒಲೆಯ ಝಳ ನೇರ ಎದೆಗೇ ಬಡಿಯುವಂಥದ್ದು. ಆ ವರ್ಷದ ಏಪ್ರಿಲ್ ಬಿಸಿಲು ಹೇಳಲಾಗದ್ದು. ಹಿಂದಿನ ಮಳೆಗಾಲ ಕೈಕೊಟ್ಟು ಕೆರೆಗಳು ಒಣಗಿ ಕೂತಿದ್ದವು. ಮಧ್ಯಾಹ್ನ ಫ್ಯಾನ್ ತಿರುಗದ ಹೊತ್ತಿನಲ್ಲಿ ಮೊಮ್ಮಗ ಮೊರ ಹಿಡಿದು ಬಾಗಿಲ ಹೊರಗಿನಿಂದ ಗಾಳಿ ಬೀಸುತ್ತಿದ್ದ. ಐಸು ಇಡೋಣವೇ ಎಂದು ಕೇಳಿದ್ದಕ್ಕೆ ನರ್ಸಮ್ಮ ಬೇಡವೆಂದರು. ಬಿಸಿಯಂತೆ ಅತಿ ತಣ್ಣನೆಯದೂ ಆ ಚರ್ಮಕ್ಕೆ ಪೆಟ್ಟೇ.

ಕಷ್ಟವಾದದ್ದು ಹಸುವಿನ ಸಂಗತಿ. ಹಾಲು ಕರೆಯಬಾರದು, ಕೊಟ್ಟಿಗೆಗೆ ಕಾಲಿಡಬಾರದು, ಸಗಣಿಯ ಕೈ ಗಾಯಕ್ಕೆ ಸೋಕಿದರೆ ಕೀವಾಗುತ್ತದೆ. ಕರೆಯುವ ಕೈ ಬದಲಾದದ್ದಕ್ಕೆ ಹಸು ಎರಡು ದಿನ ಹಾಲು ಕಟ್ಟಿತು. ಆಕೆ ಕಿಟಕಿಯಲ್ಲಿ ನಿಂತು ಮಾತಾಡಿಸುತ್ತಿದ್ದಳು, ಹಸುವನ್ನು. ಸೊಸೆಯ ಮೇಲೆ ರೇಗಿದ್ದೂ ಉಂಟು. ಗಾಯ ಒಂದು ಕಡೆ ಇದ್ದರೆ ಸಿಟ್ಟು ಇನ್ನೊಂದು ಕಡೆ ಒಡೆಯುತ್ತದೆ. ಸೊಸೆ ಎದುರಾಡಲಿಲ್ಲ ಎಂದು ಬರೆದರೆ ಸುಳ್ಳಾದೀತು. ಒಂದು ದಿನ ಬಾಟಲಿ ನೆಲಕ್ಕೆ ಕುಕ್ಕಿ, ‘ನಿಮ್ ಮಗ್ಳಾಗಿದ್ರೆ ಹಿಂಗಂತಿದ್ರಾ?’ ಎಂದಳು. ಆ ರಾತ್ರಿ ಗಾಯ ತೊಳೆಯುವಾಗ ಇಬ್ಬರೂ ಮಾತಾಡಲಿಲ್ಲ. ತೊಳೆಯುವುದೇನೂ ತಪ್ಪಲಿಲ್ಲ.

ಏಪ್ರಿಲ್ 20ರ ಸುಮಾರಿಗೆ ಅಂಚಿನಿಂದ ಒಳಮುಖವಾಗಿ ಹೊಸ ಚರ್ಮ ಬರತೊಡಗಿತು. ಹುಟ್ಟಿದ ಮಗುವಿನ ಅಂಗಾಲಿನ ಬಣ್ಣ. ಕಪ್ಪು ಹೊಟ್ಟು ಉದುರುತ್ತಿತ್ತು. ಕೀಳಬೇಕೆನಿಸುವಷ್ಟು ನವೆ, ಕೀಳಬಾರದು. 26ರಂದು ಲೋಕಸಭೆಯ ಚುನಾವಣೆ. ಶಾಲೆಯ ಮುಂದೆ ಊರಿಗೆ ಊರೇ ಸಾಲು ನಿಂತಿರುತ್ತದೆ. ಆಕೆಗೆ ಹೋಗುವ ಮನಸ್ಸು, ಆದರೆ ಉಂಡೆಬಟ್ಟೆ ಇಡುವ ಹಾಗಿಲ್ಲ. ಇನ್ನೂ ಎಳೆಯ ಚರ್ಮ, ಉಜ್ಜಿದರೆ ಮತ್ತೆ ಹರಿಯುತ್ತದೆ. ಒಂದು ಗಂಟೆ ಕೋಣೆಯಲ್ಲಿ ಹಿಂದೆ ಮುಂದೆ ನೋಡಿದಳು. ಕಡೆಗೆ ಬನಿಯನ್ನಿನ ಮೇಲೆ ಸೆರಗನ್ನು ಎರಡೂ ಹೆಗಲಿಗೆ ಹೊದ್ದು, ಬಿಸಿಲೇರುವ ಮೊದಲೇ ಹೋಗಿ ವೋಟು ಹಾಕಿ ಬಂದಳು. ಸಾಲಿನಲ್ಲಿದ್ದವರು ನೋಡಿದರೋ ಇಲ್ಲವೋ. ‘ನೋಡೋರು ನೋಡ್ಕಳ್ಳಿ, ಗೇಯೋಕೆ ಕೈ ನೆಟ್ಟಗದೆ’ ಎಂದು ಸೊಸೆಗೆ ಹೇಳಿದಳಂತೆ.

ಮೇ ಮೊದಲ ವಾರಕ್ಕೆ ಗಾಯ ಪೂರ್ತಿ ಕೂಡಿತು. ಎಡಗಡೆ ಒಂದು ಚೌಕ ಬಹಳ ದಿನ ಕಪ್ಪಾಗಿಯೇ ಉಳಿಯಿತು. ಆ ಚೌಕಕ್ಕೆ ಇನ್ನು ಮುಂದೆಯೂ ಬಿಸಿಲು ತಾಗದಂತೆ ನೋಡಿಕೊಳ್ಳಬೇಕು. ಮಾಂಗಲ್ಯದ ಸರ ಕುಂಕುಮದ ಭರಣಿಯಿಂದ ಹೊರಬಂತು. ಮಾತ್ರೆಯನ್ನು ಆಕೆ ರಾತ್ರಿ ಊಟವಾದ ಮೇಲೆ ನುಂಗುತ್ತಾಳೆ, ಸೊಸೆ ತಟ್ಟೆಯ ಪಕ್ಕದಲ್ಲಿ ಇಟ್ಟಿರುತ್ತಾಳೆ.

ಆ ವರ್ಷ ರಾಗಿ ಒಟ್ಟಲು ಹಾಕುವ ಹೊತ್ತಿಗೆ ಪಕ್ಕದ ಊರಿನ ಒಬ್ಬ ಹುಡುಗ ಬೈಕಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಬಂದ. ನಲವತ್ತೈದರ ಹೆಂಗಸು, ತಲೆಗೆ ಬಟ್ಟೆ ಕಟ್ಟಿತ್ತು. ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿದಳು, ಮಳೆಯ ಮಾತಾಡಿದಳು. ಹುಡುಗ ಫೋನ್ ಬಂತ್ಯೆಂದು ಅತ್ತ ಹೋದಾಗ ದನಿ ತಗ್ಗಿಸಿ ಕೇಳಿದಳು: ‘ಸೋಮವಾರದಿಂದ ನಂಗೂ ಕರೆಂಟ್ ಇಡ್ತಾರಂತೆ ಕನಕ್ಕ. ಸುಡ್ತದಾ?’

‘ಇಡುವಾಗ ಸುಡಾಕಿಲ್ಲ ಕನವ್ವ’ ಎಂದಳು ಆಕೆ. ‘ಆಮ್ಯಾಕೆ ಸುಡ್ತದೆ. ಎಲ್ಲಾ ಮುಗೀತು ಅಂತ ಊರಿಗೆ ಬತ್ತೀಯಲ್ಲ, ಅವಾಗ.’ ಆಮೇಲೆ ಎದ್ದು, ಬಂದಾಕೆಯ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಸೆರಗು ಸರಿಸಿದಳು.